ಪೆರುವಿನ ಸೇಕ್ರೆಡ್ ವ್ಯಾಲಿ: ಮಂಡಿನೋವಿರುವ ಅಮ್ಮನ ಜೊತೆ ಹೋಗಬಹುದಾ? ಹೋಗಿಬಂದವರು ಹೇಳಿ

ಡಲ್ಲಾಸ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಪೆರುಗೆ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ದಾವಣಗೆರೆಯಿಂದ ಬಂದಿರುವ ಅಪ್ಪ-ಅಮ್ಮ. ಸ್ಪೇನಿನವರು ಬರುವ ಮೊದಲು ಅಲ್ಲಿ ಆಳುತ್ತಿದ್ದ ಇಂಕಾಗಳ ಹಳೇ ಬೆಟ್ಟದ ಊರು ಮಾಚು ಪಿಚುಗೆ ಟಿಕೆಟ್ ಆಗಿದೆ. ಅದಕ್ಕೂ ಮೊದಲು ಉರುಬಂಬಾ ನದಿಯ ಕಣಿವೆ, ಅಂದರೆ ಸೇಕ್ರೆಡ್ ವ್ಯಾಲಿ ನೋಡಬೇಕು. ಹತ್ತಿರದ ದೊಡ್ಡ ಊರು ಕುಸ್ಕೊದಲ್ಲೇ ಇದ್ದುಕೊಂಡು ಒಂದು ದಿನದ ಬಸ್ ಟೂರ್ ಮಾಡಿದರೆ ಸಾಕಾ? ಅಥವಾ ಕಣಿವೆಯಲ್ಲೇ ರೂಮ್ ಮಾಡಬೇಕಾ? ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಹಳೇ ಕಟ್ಟಡ ಅಂದರೆ ಊಟ ತಿಂಡಿ ಬೇಡ. ಎಲ್ಲರೂ ಸಸ್ಯಾಹಾರಿಗಳು.

ಬೆಂಗಳೂರಿನಿಂದ ಒಬ್ಬರು:

ಬಸ್ ಟೂರ್ ಬೇಡ. ಕಣಿವೆಯಲ್ಲೇ ಉಳಿಯಿರಿ, ಅದೂ ಮೊದಲ ದಿನದಿಂದಲೇ. ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ವಿಮಾನದಿಂದ ಇಳಿದು ಸೂಟ್‌ಕೇಸ್ ಎಳೆಯುವಷ್ಟರಲ್ಲೇ ಏದುಸಿರು ಬರುತ್ತದೆ. ಕೆಲವರಿಗೆ ರಾತ್ರಿಯೆಲ್ಲ ತಲೆನೋವು. ಕಣಿವೆಯ ಒಯಾಂತೈತಾಂಬೊ ಊರು 2,800 ಮೀಟರ್ ಆಸುಪಾಸಿನಲ್ಲಿದೆ. ಏರ್‌ಪೋರ್ಟ್‌ನಿಂದ ನೇರ ಟ್ಯಾಕ್ಸಿ ಹಿಡಿದು ಅಲ್ಲಿಗೆ ಇಳಿದುಬಿಡಿ. ಕುಸ್ಕೊ ಕೊನೆಗಿರಲಿ. ಮಾಚು ಪಿಚು ಕಡೆಯ ಹೆಚ್ಚಿನ ರೈಲುಗಳು ಹೇಗೂ ಒಯಾಂತೈತಾಂಬೊದಿಂದಲೇ ಹೊರಡುತ್ತವೆ.

ಒಂದು ದಿನದ ಟೂರ್‌ನಲ್ಲಿ ಪಿಸಾಕ್, ಒಯಾಂತೈತಾಂಬೊ, ಚಿಂಚೇರೊ ಮೂರನ್ನೂ ತುರುಕುತ್ತಾರೆ. ಇಳಿ, ಫೋಟೋ ತೆಗೆ, ಹತ್ತು. ನಿಮ್ಮ ತಂದೆಗೆ ಸಿಟ್ಟು ಬರುವುದು ಗ್ಯಾರಂಟಿ. ಅಲ್ಲೇ ಉಳಿದವರು ಬೆಳಿಗ್ಗೆ ಗೇಟು ತೆಗೆಯುತ್ತಿದ್ದಂತೆ ಒಳಗೆ ಹೋಗಬಹುದು. ಆಗ ಬಸ್‌ಗಳು ಇನ್ನೂ ಬಂದಿರುವುದಿಲ್ಲ.

ಒಯಾಂತೈತಾಂಬೊ ಕೋಟೆಯಲ್ಲಿ ಮೆಟ್ಟಿಲು ಇನ್ನೂರಕ್ಕೂ ಜಾಸ್ತಿ, ಎತ್ತರವೂ ಒಂದೊಂದು ಒಂದೊಂದು ಥರ. ಅಮ್ಮ ಹತ್ತುವುದು ಬೇಡ. ಕೆಳಗೆ ಸಮತಟ್ಟಾದ ಜಾಗದಲ್ಲಿ ಕಲ್ಲಲ್ಲಿ ಕಡೆದ ನೀರಿನ ಕಾರಂಜಿಗಳಿವೆ, ಇವತ್ತಿಗೂ ನೀರು ಬೀಳುತ್ತದೆ. ಅಲ್ಲಿ ಅವರು ಆರಾಮಾಗಿ ಕೂರಬಹುದು. ಅಪ್ಪ ಮಾತ್ರ ಮೇಲೆ ಹೋಗಲೇಬೇಕು. ತುದಿಯಲ್ಲಿ ಗುಲಾಬಿ ಬಣ್ಣದ ಆರು ದೈತ್ಯ ಚಪ್ಪಡಿಗಳು ಸಾಲಾಗಿ ನಿಂತಿವೆ. ಎರಡೆರಡು ಚಪ್ಪಡಿಗಳ ನಡುವೆ ತೆಳ್ಳಗಿನ ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ಗಾರೆ ಇಲ್ಲ. ಕಲ್ಲು ತಂದ ಕಾಚಿಕಾಟಾ ಗಣಿ ನದಿಯಾಚೆಯ ಬೆಟ್ಟದಲ್ಲಿದೆ. ಅಲ್ಲಿಂದ ಇಳಿಸಿ, ಹೊಳೆ ದಾಟಿಸಿ, ಮತ್ತೆ ಈ ಬೆಟ್ಟಕ್ಕೆ ಎಳೆದಿದ್ದಾರೆ. ದಾರಿಯಲ್ಲೇ ಉಳಿದುಹೋದ ಕಲ್ಲುಗಳೂ ಇವೆ, ಊರಿನವರು ಅವನ್ನು ‘ಸುಸ್ತಾದ ಕಲ್ಲುಗಳು’ ಅನ್ನುತ್ತಾರೆ. 1537ರಲ್ಲಿ ಇಂಕಾ ದೊರೆ ಮಾಂಕೊ ಇಂಕಾ ಸ್ಪೇನಿನ ಎರ್ನಾಂಡೊ ಪಿಸಾರೊನ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಇಲ್ಲೇ. ಕಾಲುವೆ ನೀರನ್ನು ಬಯಲಿಗೆ ಬಿಟ್ಟು ಕುದುರೆಗಳನ್ನು ಕೆಸರಿನಲ್ಲಿ ಸಿಕ್ಕಿಸಿದನಂತೆ.

ಕೋಟೆಗಿಂತ ನನಗೆ ಹಿಡಿಸಿದ್ದು ಊರು. ಇಂಕಾಗಳು ಹಾಕಿದ ಬೀದಿಗಳಲ್ಲಿ ಜನ ಇವತ್ತಿಗೂ ಸಂಸಾರ ಮಾಡುತ್ತಿದ್ದಾರೆ. ಓಣಿಯ ಪಕ್ಕದಲ್ಲೇ ಕಾಲುವೆ ಹರಿಯುತ್ತದೆ. ಬಾಗಿಲುಗಳು ಬುಡದಲ್ಲಿ ಅಗಲ, ಮೇಲೆ ಕಿರಿದು. ಹೆಂಚಿನ ನೆತ್ತಿ ನೋಡಿ: ಎರಡು ಮಣ್ಣಿನ ಗೂಳಿಗಳು, ನಡುವೆ ಒಂದು ಶಿಲುಬೆ. ಮನೆಗೆ ಒಳ್ಳೆಯದಾಗಲಿ ಅಂತ ಇಡುತ್ತಾರೆ. ಮಗಳಿಗೆ ಇದನ್ನೇ ಆಟ ಮಾಡಿ, ಎಷ್ಟು ಜೋಡಿ ಕಂಡವು ಅಂತ ಎಣಿಸಲಿ.

ಟೊರಾಂಟೊದಿಂದ ಇನ್ನೊಬ್ಬರು:

ಮೇಲಿನವರು ಹೇಳಿದ್ದು ಸರಿ, ಆದರೆ ರೂಮ್ ಮಾತ್ರ ಉರುಬಂಬಾ ಊರಲ್ಲಿ ಮಾಡಿ ಅನ್ನುತ್ತೇನೆ. ಒಯಾಂತೈತಾಂಬೊದ ಓಣಿಗಳಲ್ಲಿ ಉರುಟು ಕಲ್ಲು ಹಾಸಿದ್ದಾರೆ, ಮಂಡಿನೋವಿದ್ದವರಿಗೆ ಹಿಂಸೆ. ಕೆಲವು ಕಡೆ ಹೋಟೆಲ್ ಬಾಗಿಲಿನ ತನಕ ಕಾರೂ ಹೋಗುವುದಿಲ್ಲ. ಉರುಬಂಬಾ ನೋಡಲು ಅಂಥ ಚಂದದ ಊರೇನಲ್ಲ, ನಡುವೆ ಇದೆ ಅಷ್ಟೇ. ಎಲ್ಲ ಕಡೆಗೂ ಹತ್ತಿರ.

ಪಿಸಾಕ್‌ಗೆ ಹೋದಾಗ ಕೆಳಗಿನ ಊರಿಂದ ಹತ್ತಬೇಡಿ. ಟ್ಯಾಕ್ಸಿಯಲ್ಲಿ ಮೇಲಿನ ಗೇಟಿಗೇ ಹೋಗಿ. ಬೆಟ್ಟದ ಮೈ ತುಂಬ ಮೆಟ್ಟಿಲು ಗದ್ದೆಗಳು, ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಎದುರಿನ ಬಂಡೆಯ ಗೋಡೆಯಲ್ಲಿ ತೂತುಗಳು ಕಾಣುತ್ತವಲ್ಲ, ಅವು ಇಂಕಾ ಸಮಾಧಿಗಳು. ನಿಧಿಗಳ್ಳರು ಯಾವತ್ತೋ ಬಗೆದು ಖಾಲಿ ಮಾಡಿದ್ದಾರೆ. ಸೂರ್ಯನಿಗೆ ಸಂಬಂಧಿಸಿದ ಇಂತಿವಾತಾನಾ ಕಲ್ಲಿನವರೆಗೆ ಹೋಗುವ ದಾರಿ ಕಿರಿದು, ಒಂದು ಕಡೆ ಪ್ರಪಾತ. ಅಪ್ಪ ಮತ್ತು ನೀವು ಹೋಗಿ ಬನ್ನಿ. ಕೆಳಗಿನ ಸಂತೆ ದಿನಾ ಇರುತ್ತದೆ, ಭಾನುವಾರ ಜೋರು. ಅಲ್ಲಿ ಮೊದಲ ಅಂಗಡಿಯಲ್ಲೇ ‘ಅಲ್ಪಾಕಾ’ (ಅಲ್ಲಿ ಸಾಕುವ ಪ್ರಾಣಿಯ ಉಣ್ಣೆ) ಶಾಲು ಕೊಳ್ಳಬೇಡಿ. ಅಗ್ಗಕ್ಕೆ ಸಿಗುವುದರಲ್ಲಿ ಅಕ್ರಿಲಿಕ್ಕೇ ಜಾಸ್ತಿ.

ಮೈಸೂರಿನಿಂದ:

ಊಟದ ಬಗ್ಗೆ ನಾನು ಹೇಳುತ್ತೇನೆ. ಉಪವಾಸ ಬೀಳಲ್ಲ, ಭಯ ಬೇಡ. ಆಲೂಗಡ್ಡೆಯ ತವರೇ ಆಂಡೀಸ್. ದೊಡ್ಡ ದೊಡ್ಡ ಕಾಳಿನ ಮುಸುಕಿನ ಜೋಳ ಬೇಯಿಸಿ, ಜೊತೆಗೆ ಒಂದು ತುಂಡು ಚೀಸ್ ಇಟ್ಟು ರಸ್ತೆಬದಿಯಲ್ಲೇ ಮಾರುತ್ತಾರೆ, ಹೆಸರು ಚೊಕ್ಲೊ. ನಮ್ಮತ್ತೆ ಅದರಲ್ಲೇ ಎರಡು ಹೊತ್ತು ಕಳೆದರು! ಕಿನುವಾ ಅನ್ನುವ ಕಾಳಿನ ಸೂಪ್ ಎಲ್ಲ ಕಡೆ ಸಿಗುತ್ತದೆ, ಆದರೆ ಕೋಳಿ ಬೇಯಿಸಿದ ನೀರಲ್ಲಿ ಮಾಡಿರುವ ಸಾಧ್ಯತೆ ಇದೆ. ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂತ ಹೇಳಿದರೆ ಮಾಂಸ ಹಾಕುವುದಿಲ್ಲ, ಆದರೆ ಕೋಳಿಯನ್ನು ಅವರು ಮಾಂಸ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ‘ಸಿನ್ ಪೊಯೊ’ (ಕೋಳಿ ಬೇಡ) ಅಂತ ಬೇರೆಯಾಗಿ ಹೇಳಬೇಕು. ಖಾರ ಬೇಕಾದರೆ ರೊಕೊಟೊ ಮೆಣಸಿನಕಾಯಿ ಚಟ್ನಿ ಕೇಳಿ. ಕೆಂಪಗೆ ದಪ್ಪಮೆಣಸಿನಕಾಯಿಯ ಹಾಗೆ ಕಾಣುತ್ತೆ, ಮೋಸ ಹೋಗಬೇಡಿ, ಬ್ಯಾಡಗಿ ಎಲ್ಲ ಅದರ ಮುಂದೆ ಸಪ್ಪೆ.

ಇನ್ನು ಕೆಲವು ಮನೆ ಮುಂದೆ ಕೋಲಿನ ತುದಿಗೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿರುತ್ತಾರೆ. ಒಳಗೆ ಚಿಚಾ ಸಿಗುತ್ತದೆ ಅಂತ ಅರ್ಥ, ಮೊಳಕೆ ಬಂದ ಜೋಳದಿಂದ ಮಾಡಿದ ಹುಳಿ ಪಾನೀಯ. ಅಮಲಿರುತ್ತದೆ. ಮಗಳಿಗೆ ನೇರಳೆ ಜೋಳದ ಚಿಚಾ ಮೊರಾದಾ ಕೊಡಿಸಿ, ಅದು ಸುಮ್ನೆ ಸಿಹಿ ಶರಬತ್ತು.

ಬೆಂಗಳೂರಿನವರೇ ಮತ್ತೆ:

ಮೊರಾಯ್ ಮತ್ತು ಮಾರಾಸ್ ಮರೆತಿದ್ದೆ. ಎರಡೂ ನಿಮ್ಮ ಅಮ್ಮನಿಗೆ ಸರಿಯಾದ ಜಾಗಗಳು. ಮೊರಾಯ್‌ನಲ್ಲಿ ದುಂಡನೆಯ ಮೆಟ್ಟಿಲು ಗದ್ದೆಗಳು ಒಂದರೊಳಗೊಂದು ಕೆಳಗಿಳಿಯುತ್ತವೆ, ಅಂಚಿನಲ್ಲಿ ನಿಂತರೆ ಪೂರ್ತಿ ಕಾಣುತ್ತದೆ. ಮೇಲಕ್ಕೂ ಕೆಳಕ್ಕೂ ಶಾಖದಲ್ಲಿ ವ್ಯತ್ಯಾಸವಿದೆ, ಅದಕ್ಕೇ ಬೆಳೆ ಪ್ರಯೋಗದ ಜಾಗವಾಗಿತ್ತು ಅಂತ ಗೈಡ್‌ಗಳು ಹೇಳುತ್ತಾರೆ. ಅದೊಂದು ಊಹೆ, ಸಾಬೀತಾಗಿಲ್ಲ. ಮಾರಾಸ್‌ನಲ್ಲಿ ಬೆಟ್ಟದ ಒಂದು ಉಪ್ಪು ಊಟೆಯ ನೀರನ್ನು ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಮಡಿಗಳಿಗೆ ಹಾಯಿಸಿ ಒಣಗಿಸುತ್ತಾರೆ. ಮಡಿಗಳು ಸ್ಥಳೀಯ ಕುಟುಂಬಗಳವು. 2019ರಿಂದ ಮಡಿಗಳ ನಡುವೆ ಓಡಾಡಲು ಬಿಡುತ್ತಿಲ್ಲ, ದೂರದಿಂದ ನೋಡಬೇಕು.

ಚಿಂಚೇರೊ ಸುಮಾರು 3,760 ಮೀಟರ್, ಕುಸ್ಕೊಗಿಂತ ಎತ್ತರ. ಕುಸ್ಕೊಗೆ ವಾಪಸ್ ಹೋಗುವ ದಿನ ದಾರಿಯಲ್ಲಿ ಇಳಿಯಿರಿ. ಇಂಕಾ ದೊರೆ ತೂಪಾಕ್ ಇಂಕಾ ಯೂಪಾಂಕಿಯ ಅರಮನೆಯ ಅಡಿಪಾಯದ ಮೇಲೆ ಚರ್ಚ್ ಕಟ್ಟಿದ್ದಾರೆ. ನೇಯ್ಗೆ ಮನೆಗಳಲ್ಲಿ ಹೆಂಗಸರು ಪಾಪಾಸುಕಳ್ಳಿಯ ಮೇಲಿನ ಹುಳವನ್ನು ಅಂಗೈಯಲ್ಲಿ ಹೊಸಕಿ ಕಡುಗೆಂಪು ಬಣ್ಣ ತೆಗೆಯುತ್ತಾರೆ. ಮೇಲೆ ನಿಂಬೆರಸ ಬಿದ್ದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮಗಳು ಅಲ್ಲಿಂದ ಏಳುವುದಿಲ್ಲ. ಕೊನೆಗೆ ವ್ಯಾಪಾರ ಇದ್ದೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಕೈನೇಯ್ಗೆಗೆ ವಾರಗಟ್ಟಲೆ ಹಿಡಿಯುತ್ತೆ, ಅಲ್ವಾ?

ಡಲ್ಲಾಸ್‌ನಿಂದ:

ತುಂಬ ಥ್ಯಾಂಕ್ಸ್. ಉರುಬಂಬಾದಲ್ಲಿ ರೂಮ್ ನೋಡುತ್ತೇನೆ. ಟಿಕೆಟ್ ಎಲ್ಲ ಬೇರೆ ಬೇರೆ ತಗೋಬೇಕಾ? ಅಮ್ಮನಿಗೆ ಬಿಪಿ ಇದೆ, ಎತ್ತರದ ತೊಂದರೆಗೆ ಅಲ್ಲಿ ಕೊಡುವ ಕೋಕಾ ಎಲೆಯ ಟೀ ಕುಡಿಯಬಹುದಾ? ಅಪ್ಪ-ಅಮ್ಮನಿಗೆ ವೀಸಾ?

ಟೊರಾಂಟೊದವರು:

ಬೊಲೆತೊ ತುರಿಸ್ತಿಕೊ ಅಂತ ಒಂದು ಚೀಟಿ ಇದೆ. ಪೂರ್ತಿಯದು ಹತ್ತು ದಿನ ನಡೆಯುತ್ತದೆ, ಪಿಸಾಕ್, ಒಯಾಂತೈತಾಂಬೊ, ಚಿಂಚೇರೊ, ಮೊರಾಯ್ ಜೊತೆಗೆ ಕುಸ್ಕೊ ಸುತ್ತಲಿನ ಸಾಕ್ಸಾಯ್‌ವಾಮಾನ್ ಅನ್ನುವ ಇಂಕಾ ಕೋಟೆ ಕೂಡ ಸೇರುತ್ತದೆ. ಕಣಿವೆಗೆ ಮಾತ್ರದ್ದು ಎರಡೇ ದಿನ, ನಿಮ್ಮ ನಿಧಾನಕ್ಕೆ ಸಾಲದು. ಮಾರಾಸ್‌ಗೆ ಬೇರೆ ಟಿಕೆಟ್. ಪೆರುವಿನ ದುಡ್ಡು ಸೋಲ್ ನಗದಾಗಿ ಇಟ್ಟುಕೊಂಡಿರಿ.

ಕೋಕಾ ಟೀ, ಎತ್ತರದ ಜಾಗದ ತೊಂದರೆಗೆ ತಗೊಳ್ಳುವ ಮಾತ್ರೆ ಎರಡನ್ನೂ ಹೊರಡುವ ಮೊದಲೇ ಅಮ್ಮನ ಡಾಕ್ಟರನ್ನು ಕೇಳಿ. ಮುನ್ಯಾ ಅಂತ ಪುದೀನ ವಾಸನೆಯ ಸೊಪ್ಪಿನ ಕಷಾಯವೂ ಎಲ್ಲ ಹೋಟೆಲಲ್ಲಿ ಸಿಗುತ್ತದೆ. ಕೋಕಾ ಎಲೆ, ಟೀ ಬ್ಯಾಗ್ ಯಾವುದನ್ನೂ ಅಮೆರಿಕಕ್ಕೆ ತರಬೇಡಿ, ಕಾನೂನುಬಾಹಿರ.

ಭಾರತದ ಪಾಸ್‌ಪೋರ್ಟ್‌ನಲ್ಲಿ ಅಮೆರಿಕ ವೀಸಾ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿದ್ದರೆ ಪೆರುಗೆ ಬೇರೆ ವೀಸಾ ಬೇಕಿಲ್ಲ. ಆದರೂ ಕಾನ್ಸುಲೇಟ್ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ. ಜೂನ್ 24ಕ್ಕೆ ಕುಸ್ಕೊದಲ್ಲಿ ಇಂತಿ ರಾಯ್ಮಿ ಅನ್ನುವ ಸೂರ್ಯನ ಹಬ್ಬ, ಆ ವಾರ ರೂಮ್ ಸಿಗುವುದು ಕಷ್ಟ. ಹಗಲು ಬಿಸಿಲು ಸುಡುತ್ತದೆ, ರಾತ್ರಿ ಕೊರೆಯುವ ಚಳಿ. ಹೀಟರ್ ಇದೆಯಾ ಅಂತ ಕೇಳಿಯೇ ರೂಮ್ ಬುಕ್ ಮಾಡಿ. ಮಾಚು ಪಿಚು ರೈಲಿಗೆ ದೊಡ್ಡ ಸೂಟ್‌ಕೇಸ್ ಬಿಡುವುದಿಲ್ಲ, ಅದನ್ನು ಉರುಬಂಬಾದ ಹೋಟೆಲಿನವರ ಹತ್ತಿರ ಬಿಟ್ಟು ಒಂದು ಸಣ್ಣ ಬ್ಯಾಗ್ ತಗೊಂಡು ಹೋಗಿ.