ಆನೆ ಕಾಸಿಗೆ ಹಸಿರು ಅಂಟು ಬಂದಿದೆ, ಏನು ಮಾಡಲಿ?

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಟಿಪ್ಪು ಕಾಲದ ಆನೆ ಕಾಸು, ತಾಮ್ರದ್ದು, ಎರಡು ವರ್ಷದಿಂದ ಮೆತ್ತನೆ ಪ್ಲಾಸ್ಟಿಕ್ ಆಲ್ಬಂನಲ್ಲಿತ್ತು. ಈಗ ಆನೆಯ ಸೊಂಡಿಲ ಹತ್ತಿರ ಹಸಿರು ಅಂಟು. ಹುಣಸೆಹಣ್ಣು ಹಾಕಿ ಉಜ್ಜಲಾ?

ಉತ್ತರ 1: ಅಯ್ಯೋ ಬೇಡ! ನಾನು ಚೆಂಬು ತಿಕ್ಕಿದ ಹಾಗೆ ತಿಕ್ಕಿ ಒಂದು ಕಾಸು ಹಾಳು ಮಾಡಿಕೊಂಡೆ. ಫಳಫಳ ಹೊಳೆಯಿತು, ಆದರೆ ಕೊಳ್ಳುವವರು ಮೂಸಿಯೂ ನೋಡಲಿಲ್ಲ.

ಉತ್ತರ 2: ಅದು ಪಿವಿಸಿ ಕೆಲಸ, ಅಂದರೆ ನಿಮ್ಮ ಆಲ್ಬಂನ ಮೆತ್ತನೆ ಪ್ಲಾಸ್ಟಿಕ್‌ನದು. ಆ ಪ್ಲಾಸ್ಟಿಕ್ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಶುದ್ಧ ಅಸಿಟೋನ್‌ನಲ್ಲಿ (ಅಂಟು ಕರಗಿಸುವ ದ್ರಾವಕ) ನೆನೆಸಿ, ಉಜ್ಜಬೇಡಿ, ಕಿಟಕಿ ತೆಗೆದಿಡಿ, ಬೆಂಕಿ ಹತ್ತಿರ ಬೇಡವೇ ಬೇಡ. ಆಮೇಲೆ ಮೈಲಾರ್ (ಪಿವಿಸಿ ಇಲ್ಲದ ಪ್ಲಾಸ್ಟಿಕ್) ಹೋಲ್ಡರ್‌ಗೆ ಹಾಕಿ. ಅಂದಹಾಗೆ ಇಸವಿ ಓದಿದಿರಾ? 1787ರ ನಂತರದ ಟಿಪ್ಪು ನಾಣ್ಯಗಳಲ್ಲಿ ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕು.

ಪ್ರಶ್ನೆ ಕೇಳಿದವರು: ಹೌದಾ! ನಾನು ಸುಮ್ನೆ ಎಡದಿಂದ ಬಲಕ್ಕೆ ಓದಿ ತಲೆ ಕೆಡಿಸಿಕೊಂಡಿದ್ದೆ.