ಮಳೆ ನಿಂತ ಮೇಲೆ ಗೈಗರ್ ಕೌಂಟರ್ (ವಿಕಿರಣ ಎಣಿಸುವ ಯಂತ್ರ) ಎಣಿಕೆ ಜಾಸ್ತಿ ಬರುತ್ತಿದೆ, ಹೆದರಬೇಕಾ?

ತೋಟದಮನೆ_ತೀರ್ಥಹಳ್ಳಿ:
ನಮ್ಮ ಜಗಲಿಯಲ್ಲಿ ಕೌಂಟರ್ ಇಟ್ಟರೆ ನಿಮಿಷಕ್ಕೆ 20ರ ಆಸುಪಾಸು ತೋರಿಸುತ್ತದೆ. ಮೊನ್ನೆ ಜೋರು ಮಳೆ ಹೊಡೆದು ನಿಂತ ತಕ್ಷಣ ಕಾರಿನ ಮೇಲಿನ ನೀರನ್ನು ಬಟ್ಟೆಯಲ್ಲಿ ಒರೆಸಿ ಹತ್ತಿರ ಹಿಡಿದರೆ 60 ದಾಟಿತು. ನಾಲ್ಕು ಗಂಟೆ ಬಿಟ್ಟು ಅದೇ ಬಟ್ಟೆ ನೋಡಿದರೆ 24. ಇಳಿಯಿತು ಸರಿ, ಆದರೆ ಪೂರ್ತಿ 20ಕ್ಕೆ ಬರಲಿಲ್ಲವಲ್ಲ, ಆ ನಾಲ್ಕು ಎಲ್ಲಿಂದ ಬಂತು? ಕೈಗಾ ಅಣು ಸ್ಥಾವರ ಪಕ್ಕದ ಜಿಲ್ಲೆಯಲ್ಲೇ ಇದೆ. ನಾವು ಬಾವಿ ನೀರು ಕುಡಿಯುವವರು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಕೊಡಚಾದ್ರಿ_ಕಡೆಯವ:
ಆ 60 ರೇಡಾನ್ ಅನ್ನುವ ಸಹಜ ವಿಕಿರಣಶೀಲ ಅನಿಲದ ಕೆಲಸ ಮಾರಾಯ್ರೇ. ನೆಲದಿಂದ ಏಳುವ ರೇಡಾನ್ ಗಾಳಿಯಲ್ಲಿ ಒಡೆದು ಸೀಸ-214, ಬಿಸ್ಮತ್-214 ಆಗುತ್ತದೆ, ಮಳೆ ಅದನ್ನು ತೊಳೆದು ಕೆಳಗೆ ತರುತ್ತದೆ. ಒಂದರ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 27 ನಿಮಿಷ, ಇನ್ನೊಂದರದ್ದು 20. ಅಣು ಸ್ಥಾವರದಲ್ಲಿ ಹುಟ್ಟುವ ಸೀಸಿಯಂ-137 ಆಗಿದ್ದರೆ 30 ವರ್ಷ, ನಾಲ್ಕು ಗಂಟೆಯಲ್ಲಿ ಇಳಿಯುವ ಮಾತೇ ಇಲ್ಲ.

ಲ್ಯಾಬ್_ಶಿವಮೊಗ್ಗ:
ಉಳಿದ ನಾಲ್ಕರ ವಿಷಯಕ್ಕೆ ಬರೋಣ, ಮುಖ್ಯ ಪ್ರಶ್ನೆ ಅದೇ. ವಿಕಿರಣ ಹೊರಡುವುದಕ್ಕೆ ತಾಳ ಇಲ್ಲ. 20 ಎಣಿಸಿದರೆ ಅದರ ವರ್ಗಮೂಲ, ಅಂದರೆ ಸುಮಾರು 4.5ರಷ್ಟು ಆಚೆ ಈಚೆ ಸುಮ್ನೆ ಆಗುತ್ತದೆ. 24ರಲ್ಲಿ 20 ಕಳೆಯುವಾಗ ಎರಡರ ಏರುಪೇರೂ ಸೇರಿ ನಿಮ್ಮ ಉತ್ತರ 4, ಅದರ ಏರುಪೇರು 6.6. ಇದನ್ನು ಬಟ್ಟೆಯಲ್ಲಿ ಏನೋ ಇದೆ ಅನ್ನುವುದಕ್ಕೆ ಸಾಕ್ಷಿ ಅಂತ ಹಿಡಿಯಬೇಡಿ. ಕ್ಯೂರಿ ಎಂಬ ವಿಜ್ಞಾನಿ (ಮೇರಿ ಅಲ್ಲ, ಲಾಯ್ಡ್ ಕ್ಯೂರಿ) 1968ರಲ್ಲಿ ಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಹಿನ್ನೆಲೆ (ಬಟ್ಟೆ ಇಲ್ಲದಾಗಿನ ಎಣಿಕೆ) 20 ಇರುವಾಗ ಒಂದೇ ನಿಮಿಷ ಎಣಿಸಿ ಖಚಿತವಾಗಿ ಪತ್ತೆ ಮಾಡಲು ಅದರ ಮೇಲೆ ಇನ್ನೂ 23ರಷ್ಟು ಬೇಕು. ಬಟ್ಟೆ ಇಟ್ಟು 100 ನಿಮಿಷ, ಬಟ್ಟೆ ಇಲ್ಲದೆ 100 ನಿಮಿಷ ಎಣಿಸಿ, ಆಗ ನಿಮಿಷಕ್ಕೆ 2ರಷ್ಟು ಜಾಸ್ತಿ ಇದ್ದರೂ ಸಿಗುತ್ತದೆ. ಜಾಗ ಬದಲಿಸಬೇಡಿ, ಕೌಂಟರಿಗೆ ತೇವ ತಾಗಿಸಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಒಳಗಿನ ಹೈ ವೋಲ್ಟೇಜ್ ಸೋರಿದರೆ ಎಣಿಕೆಯನ್ನು ನಂಬುವಂತಿಲ್ಲ.

ತೋಟದಮನೆ_ತೀರ್ಥಹಳ್ಳಿ:
ಧನ್ಯವಾದ ಸರ್. ಹಾಗಾದರೆ ಬಾವಿ ನೀರನ್ನೂ ಹೀಗೇ ನೋಡಬಹುದಲ್ವಾ?

ಲ್ಯಾಬ್_ಶಿವಮೊಗ್ಗ:
ಬೇಡ. ಲೋಟದ ನೀರಿಗೆ ಹಿಡಿದು 20 ಬಂತು ಅಂತ ಸಮಾಧಾನ ಪಡಬೇಡಿ. ನೀರಿನಲ್ಲಿ ಅಲ್ಪ ಇದ್ದರೆ ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಇನ್ನೊಂದು ಕಡೆ, ಬಚ್ಚಲೊಲೆಯ ಬೂದಿ ಇಟ್ಟರೆ ಎಣಿಕೆ ಏರಬಹುದು, ಅದು ಬೂದಿಯಲ್ಲಿ ಸಹಜವಾಗಿಯೇ ಇರುವ ಪೊಟ್ಯಾಸಿಯಂ-40. ಯಾವುದು ಯಾವುದು ಅಂತ ಗೈಗರ್ ಹೇಳಲ್ಲ. ಅದಕ್ಕೆ ಗಾಮಾ ಸ್ಪೆಕ್ಟ್ರೋಮೀಟರ್ (ಗಾಮಾ ಕಿರಣದ ಶಕ್ತಿ ನೋಡಿ ಯಾವ ವಸ್ತು ಅಂತ ಹೇಳುವ ಯಂತ್ರ) ಇರುವ ಲ್ಯಾಬಿಗೇ ನೀರು ಕೊಡಬೇಕು. ಜರ್ಮೇನಿಯಂ ಡಿಟೆಕ್ಟರ್ ಇದೆಯಾ ಕೇಳಿ. ಸೋಡಿಯಂ ಅಯೋಡೈಡ್ ಡಿಟೆಕ್ಟರಿನಲ್ಲಿ ಬಿಸ್ಮತ್‌ನ 609 ಮತ್ತು ಸೀಸಿಯಂನ 662 keV ಶಕ್ತಿಯ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ವರದಿಯಲ್ಲಿ 'ಪತ್ತೆಯಾಗಿಲ್ಲ' ಅಂತ ಮಾತ್ರ ಬರೆದಿದ್ದರೆ, ಎಷ್ಟರವರೆಗೆ ನೋಡಿದ್ದಾರೆ ಅನ್ನುವ ಮಿತಿಯನ್ನೂ ಬರೆಸಿಕೊಳ್ಳಿ.