ನಾರ್ವೆಯ ಮರದ ಚರ್ಚು ಎಂಟು ಶತಮಾನ ಉಳಿದದ್ದು ಹೇಗೆ?

ಪ್ರಶ್ನೆ: ಕುವೆಂಪುನಗರ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಆದರೆ ನಾರ್ವೆಯ ಬೋರ್ಗುಂಡ್‌ನಲ್ಲಿ 1200ರ ಆಸುಪಾಸಿನಲ್ಲಿ ಕಟ್ಟಿದ ಮರದ ಚರ್ಚು ಇಂದಿಗೂ ನಿಂತಿದೆ. ಮಳೆ, ಹಿಮ ಎರಡೂ ಧಾರಾಳವಾಗಿರುವ ಆ ನಾಡಿನಲ್ಲಿ ಮರ ಇಷ್ಟು ಕಾಲ ಬಾಳಿದ್ದಕ್ಕೆ ಅದರ ಜಾತಿ ಕಾರಣವೋ, ಕಟ್ಟಿದ ಕ್ರಮವೋ, ನಂತರದವರ ಆರೈಕೆಯೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮರಗೆಲಸದವರು, ಮಂಡ್ಯ

ತಾವು ಹೇಳಿದ ಮೂರೂ ಸೇರಿವೆ. ನನ್ನ ಮಟ್ಟಿಗೆ ಕಟ್ಟಿದ ಕ್ರಮವೇ ಮುಖ್ಯ. ಅದಕ್ಕೂ ಹಿಂದಿನ ಚರ್ಚುಗಳಲ್ಲಿ ಕಂಬಗಳನ್ನು ನೇರವಾಗಿ ನೆಲದಲ್ಲಿ ಹೂಳುತ್ತಿದ್ದುದರಿಂದ ಬುಡ ಮಣ್ಣಿನ ತೇವ ಹೀರಿ ಕೊಳೆಯುತ್ತಿತ್ತು. ಬೋರ್ಗುಂಡ್‌ನಲ್ಲಿ ಕಲ್ಲಿನ ಮೇಲೆ ದಪ್ಪ ತೊಲೆಗಳನ್ನು ಹಾಸಿ, ಅವುಗಳ ಮೇಲೆ ಕಂಬ ನಿಲ್ಲಿಸಿದ್ದಾರೆ. ಪೈನ್ ಮರದಿಂದ ಇಳಿಸಿದ ಟಾರನ್ನು ಹೊರಮೈಗೆ ಆಗಾಗ ಬಳಿಯುತ್ತಾರೆ. ನಮ್ಮ ತೊಟ್ಟಿಮನೆಗಳಲ್ಲಿ ಕಂಬದ ಬುಡಕ್ಕೆ ಕಲ್ಲು ಕೊಡುವುದೂ ತೇವದ ಭಯಕ್ಕೇ. ಆ ಕಲ್ಲು ಮುಚ್ಚುವಷ್ಟು ಸಿಮೆಂಟ್ ನೆಲ ಏರಿಸಿದ ಕಡೆ, ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕಂಬದ ಬುಡವನ್ನು ಬೆರಳಿನಿಂದ ಒತ್ತಿದರೆ ಪುಡಿ ಉದುರುವುದನ್ನು ಕಂಡು ಸಂಕಟಪಟ್ಟಿದ್ದೇನೆ.

ಉತ್ತರ: ಗಂಜಾಂನವರು, ಶ್ರೀರಂಗಪಟ್ಟಣ

ಕ್ರಮ ಸರಿಯಿದ್ದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲ ಎಂಬುದನ್ನೂ ಸೇರಿಸಬಯಸುತ್ತೇನೆ. ನಾರ್ವೆಯಲ್ಲಿ ಇಂತಹ ಚರ್ಚುಗಳು ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚಿದ್ದವೆಂದು ಅಂದಾಜಿಸುತ್ತಾರೆ, ಈಗಿರುವುದು 28. ಜನಸಂಖ್ಯೆಗೆ ತಕ್ಕಷ್ಟು ಸ್ಥಳಾವಕಾಶ ಇರಲೇಬೇಕೆಂದು 1851ರ ಕಾನೂನು ವಿಧಿಸಿದ ಮೇಲೆ, ಚಿಕ್ಕವೆಂಬ ಕಾರಣಕ್ಕೆ ಎಷ್ಟೋ ಚರ್ಚುಗಳನ್ನು ಊರವರೇ ಕೆಡವಿದರು. ಬೋರ್ಗುಂಡ್‌ನಲ್ಲಿ 1868ರಲ್ಲಿ ಹೊಸ ಚರ್ಚು ಎದ್ದಿತು. ಹಳೆಯದನ್ನು ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಸಂಘವೊಂದು 1877ರಲ್ಲಿ ಕೊಂಡು ಕಾಪಾಡಿತು. ಬೆಂಕಿಯ ಭಯವಂತೂ ಎಂದಿಗೂ ತಪ್ಪಿದ್ದಲ್ಲ: ಬರ್ಗನ್ ಬಳಿಯ ಫಾಂಟಾಫ್ಟ್ ಚರ್ಚಿಗೆ 1992ರಲ್ಲಿ ಕಿಡಿಗೇಡಿಗಳು ಬೆಂಕಿಯಿಟ್ಟರು, ಈಗಿರುವುದು ಮರುನಿರ್ಮಾಣ. ನಮ್ಮ ಊರಿನಲ್ಲಿ 1784ರ ದರಿಯಾ ದೌಲತ್ತಿನ ತೇಗದ ಕಂಬಗಳನ್ನು ನೋಡುವಾಗಲೆಲ್ಲ ಈ ಆತಂಕ ನನ್ನನ್ನು ಕಾಡುತ್ತದೆ.

ಕುವೆಂಪುನಗರ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಕೊಳೆತ ಭಾಗ ತೆಗೆದು ಹೊಸ ಮರ ಹಾಕಿದರೆ ಕಟ್ಟಡದ ಹಳಮೆಗೆ ಕುಂದಲ್ಲವೇ?

ಮರಗೆಲಸದವರು, ಮಂಡ್ಯ

ಎಷ್ಟು ತೆಗೆಯುತ್ತೇವೆ ಎಂಬುದರ ಮೇಲಿದೆ. ರಷ್ಯಾದ ಕಿಝಿ ದ್ವೀಪದಲ್ಲಿರುವ 1714ರ ಚರ್ಚನ್ನು ದುರಸ್ತಿ ಮಾಡುವಾಗ ಕಟ್ಟಡವನ್ನು ಮೇಲಕ್ಕೆತ್ತಿ ಹಿಡಿದು, ಒಂದೊಂದೇ ಪಟ್ಟಿಯ ದಿಮ್ಮಿಗಳನ್ನು ಬಿಚ್ಚಿ, ಗಟ್ಟಿಯಿದ್ದವನ್ನು ಅದೇ ಜಾಗಕ್ಕೆ ಮರಳಿ ಕೂರಿಸಿದರು. ನಮ್ಮ ಕಂಬಗಳಿಗೂ ಕೊಳೆತಷ್ಟನ್ನೇ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಕಚ್ಚು ಹಾಕಿ ಕೂಡಿಸಬಹುದು.